ವಾರಕ್ಕೊಮ್ಮೆ ಬರುವ ಅಣ್ಣ ಹುಡುಗನನ್ನು ಚಟದಿಂದ ದೂರ ಇಡಬಲ್ಲನೇ?

ಪ್ರಶ್ನೆ: ನಾವು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ 1998ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವರು. ಗುರುವಂದನೆಗೆಂದು ಶಾಲೆಗೆ ಹೋದಾಗ ಹಿಂಬದಿಯ ಗೋಡೆಯ ಬುಡದಲ್ಲಿ ತಂಬಾಕಿನ ಪೊಟ್ಟಣಗಳೂ ಪಂಕ್ಚರ್ ಸಲ್ಯೂಷನ್ನಿನ ಖಾಲಿ ಟ್ಯೂಬುಗಳೂ ಬಿದ್ದಿದ್ದವು. ಮನಸ್ಸು ಕೆಟ್ಟಿತು. ನಮ್ಮಲ್ಲಿ 31 ಜನ ತಲಾ ಒಬ್ಬ ವಿದ್ಯಾರ್ಥಿಗೆ ಮಾರ್ಗದರ್ಶಕರಾಗಲು ಒಪ್ಪಿದ್ದೇವೆ. ಚಟವಿರುವ ಮಕ್ಕಳ ಪಟ್ಟಿಯನ್ನು ಮುಖ್ಯೋಪಾಧ್ಯಾಯರಿಂದ ಪಡೆದು, ತಿಂಗಳಿಗೊಮ್ಮೆ ಅವರೆಲ್ಲರನ್ನೂ ಸೇರಿಸಿ ಶಿಬಿರ ಮಾಡಬೇಕೆಂದಿದ್ದೇವೆ. 'ವ್ಯಸನಮುಕ್ತ ಯುವಕ' ಎಂದು ಬರೆದ ಟೀ ಶರ್ಟುಗಳಿಗೂ ಹಣ ಸೇರಿದೆ. ಇದರಿಂದ ನಿಜಕ್ಕೂ ಮಕ್ಕಳ ಚಟ ಕಡಿಮೆಯಾಗುತ್ತದೆಯೇ, ಅಥವಾ ನಮ್ಮ ಸಮಾಧಾನಕ್ಕಷ್ಟೇ ಆಗುತ್ತದೆಯೇ?

ಉತ್ತರ: ಪ್ರಶ್ನೆಯ ಕೊನೆಯ ಸಾಲಿಗಾಗಿ ನಿಮಗೆ ಕೃತಜ್ಞ. ಇಪ್ಪತ್ತೆರಡು ವರ್ಷಗಳಿಂದ ಮನೋವೈದ್ಯಕೀಯ ಸಮಾಜ ಕಾರ್ಯಕರ್ತನಾಗಿ ಇಂಥ ಹಲವು ತಂಡಗಳನ್ನು ನೋಡಿದ್ದೇನೆ. ಆ ಸಾಲನ್ನು ಕೆಲಸ ಶುರು ಮಾಡುವ ಮೊದಲೇ ಕೇಳಿಕೊಂಡವರು ಬೆರಳೆಣಿಕೆಯಷ್ಟು.

ಚಿಕ್ಕ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಇನ್ನೂ ರುಚಿ ನೋಡಿರದ ಹುಡುಗ ಆ ಕಡೆಗೆ ಹೋಗುವುದನ್ನು ಇಂಥ ಒಡನಾಟ ಒಂದಿಷ್ಟು ತಡೆಯುತ್ತದೆ, ಇಲ್ಲವೇ ಮುಂದೂಡುತ್ತದೆ. ಆಗಲೇ ಚಟಕ್ಕೆ ಬಿದ್ದವನನ್ನು ಅದೊಂದೇ ಮೇಲೆತ್ತುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಒಂದು ವರ್ಷ ಬಿಡದೆ ನಡೆಸಲು ಆಗುವುದಿಲ್ಲ ಎಂದಾದರೆ ಆರಂಭಿಸದೆ ಇರುವುದೇ ಮೇಲು. ಈ ಕೊನೆಯ ಮಾತು ನಿಮಗೆ ಕಠೋರ ಎನಿಸಬಹುದು. ಅದಕ್ಕೆ ಕಾರಣ ಹೇಳಲೆಂದೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಮ್ಮಲ್ಲಿ ಹುಡುಗನೊಬ್ಬ ಕೈಮೀರುತ್ತಿದ್ದಾನೆ ಎನಿಸಿದರೆ ಸೋದರಮಾವನಿಗೆ ಹೇಳಿ ಕಳುಹಿಸುವ ರೂಢಿ ಇತ್ತು, ಈಗಲೂ ಕೆಲವು ಮನೆಗಳಲ್ಲಿದೆ. ಮಾವ ಬಂದು ಹುಡುಗನನ್ನು ತೋಟಕ್ಕೋ ಸಂತೆಗೋ ಕರೆದುಕೊಂಡು ಹೋಗುತ್ತಿದ್ದ. ಅಪ್ಪನ ಬಳಿ ಹೇಳಲಾಗದ್ದು ಅಲ್ಲಿ ಬಾಯಿಗೆ ಬರುತ್ತಿತ್ತು. ರಕ್ತಸಂಬಂಧವಿಲ್ಲದ ಮಾವನನ್ನು ವ್ಯವಸ್ಥಿತವಾಗಿ ಒದಗಿಸುವ ಕೆಲಸವನ್ನು ಅಮೆರಿಕದಲ್ಲಿ 1904ರಲ್ಲಿ ಅರ್ನೆಸ್ಟ್ ಕೂಲ್ಟರ್ ಎಂಬ ಗುಮಾಸ್ತರೊಬ್ಬರು ಶುರು ಮಾಡಿದರು. ನ್ಯೂಯಾರ್ಕಿನ ಮಕ್ಕಳ ನ್ಯಾಯಾಲಯದಲ್ಲಿ ಕುಳಿತು ದಿನವೂ ಕಟಕಟೆಗೆ ಬರುವ ಹುಡುಗರನ್ನು ನೋಡಿ ನೋಡಿ ಬೇಸತ್ತವರು ಅವರು. ಅದೇ ಬೆಳೆದು 'ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್' ಆಯಿತು. ಸ್ವಯಂಸೇವಕರ ಒಡನಾಟ ಮತ್ತು ಮಾದಕ ವಸ್ತು ಎಂಬ ನಿಮ್ಮ ಪ್ರಶ್ನೆಗೆ ಅತ್ಯಂತ ಹೆಚ್ಚು ಉಲ್ಲೇಖವಾಗುವ ಉತ್ತರ ಬಂದದ್ದೂ ಆ ಸಂಸ್ಥೆಯ ಮೇಲೆ ನಡೆದ ಅಧ್ಯಯನದಿಂದಲೇ.

ಆ ಅಧ್ಯಯನ ಪ್ರಕಟವಾದದ್ದು 1995ರಲ್ಲಿ. ಎಂಟು ಊರುಗಳ ಶಾಖೆಗಳಲ್ಲಿ ಹೆಸರು ಕೊಟ್ಟಿದ್ದ, 10ರಿಂದ 16 ವರ್ಷದೊಳಗಿನ 959 ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿದರು. ಒಂದು ಪಾಲಿಗೆ ಕೂಡಲೇ ಒಬ್ಬ ಅಣ್ಣನನ್ನೋ ಅಕ್ಕನನ್ನೋ ಹುಡುಕಿ ಕೊಡಲು ತೊಡಗಿದರು, ಇನ್ನೊಂದು ಪಾಲನ್ನು ಕಾಯುವ ಪಟ್ಟಿಯಲ್ಲಿಟ್ಟರು. ಹದಿನೆಂಟು ತಿಂಗಳ ನಂತರ ನೋಡಿದರೆ, ಕಾಯುತ್ತಿದ್ದವರಿಗೆ ಹೋಲಿಸಿದಾಗ ಮೊದಲ ಪಾಲಿನ ಮಕ್ಕಳಲ್ಲಿ ಮಾದಕ ವಸ್ತು ಆರಂಭಿಸಿದವರು ಶೇ. 46ರಷ್ಟು ಕಡಿಮೆ, ಮದ್ಯ ಆರಂಭಿಸಿದವರು ಶೇ. 27ರಷ್ಟು ಕಡಿಮೆ.

ಈ 46 ಎಂಬ ಅಂಕಿ ದೇಣಿಗೆ ಕೇಳುವ ಕರಪತ್ರಗಳಲ್ಲಿ ಬಹಳ ಓಡಾಡಿದೆ. ಅದನ್ನು ಒಮ್ಮೆ ಬಿಡಿಸಿ ನೋಡಿ. ಕಾಯುವ ಪಟ್ಟಿಯಲ್ಲಿದ್ದ ನೂರು ಮಕ್ಕಳಲ್ಲಿ ಆ ಅವಧಿಯೊಳಗೆ ಮಾದಕ ವಸ್ತು ಶುರು ಮಾಡಿದವರು ಹನ್ನೊಂದು ಚಿಲ್ಲರೆ. ಒಡನಾಡಿ ಸಿಕ್ಕ ಪಾಲಿನಲ್ಲಿ ಆರು. ಮದ್ಯದ ಲೆಕ್ಕದಲ್ಲಿ ಅದು ಇಪ್ಪತ್ತೇಳು ಮತ್ತು ಹತ್ತೊಂಬತ್ತು. ಅಂದರೆ ನೂರು ಮಕ್ಕಳಿಗೆ ನೂರು ಅಣ್ಣಂದಿರನ್ನು ಹೊಂದಿಸಿದರೆ ಐವರು ಮಾದಕ ವಸ್ತುವಿನಿಂದ, ಏಳೆಂಟು ಜನ ಮದ್ಯದಿಂದ ದೂರ ಉಳಿದರು. ನಿಮ್ಮ 31 ಜನರ ತಂಡಕ್ಕೆ ಇಳಿಸಿ ಲೆಕ್ಕ ಹಾಕಿದರೆ ಒಬ್ಬರೋ ಇಬ್ಬರೋ. ಉಳಿದ ಮಕ್ಕಳು ನೀವಿಲ್ಲದಿದ್ದರೂ ಮುಟ್ಟುತ್ತಿರಲಿಲ್ಲ, ಇಲ್ಲವೇ ನೀವಿದ್ದರೂ ಮುಟ್ಟುತ್ತಾರೆ. ನಿಮ್ಮಿಂದಾಗಿ ದೂರ ಉಳಿದ ಆ ಒಬ್ಬ ಯಾರು ಎಂಬುದು ನಿಮಗೆ ಎಂದೂ ತಿಳಿಯುವುದಿಲ್ಲ. ಇದನ್ನು ಅರಗಿಸಿಕೊಳ್ಳಬಲ್ಲವರು ಮಾತ್ರ ಈ ಕೆಲಸಕ್ಕೆ ಬರಲಿ ಎನ್ನುತ್ತೇನೆ.

ಆ ಅಣ್ಣ-ಅಕ್ಕಂದಿರು ಮಾಡಿದ್ದಾದರೂ ಏನು? ಅವರಿಗೆ ಮಾದಕ ವಸ್ತುವಿನ ಬಗ್ಗೆ ಭಾಷಣ ಮಾಡಿ ಎಂದು ಯಾರೂ ಹೇಳಿರಲಿಲ್ಲ. ಕಾರ್ಯಕ್ರಮದ ಗುರಿಯೇ ಅದಾಗಿರಲಿಲ್ಲ. ಬಹುಪಾಲು ಜೋಡಿಗಳು ತಿಂಗಳಿಗೆ ಮೂರು ಬಾರಿಯಾದರೂ ಭೇಟಿಯಾಗಿ, ಪ್ರತಿ ಬಾರಿ ಮೂರು-ನಾಲ್ಕು ಗಂಟೆ ಜೊತೆಗಿದ್ದವು. ಚೆಂಡಾಟ, ಊಟ, ಅಡ್ಡಾಡುವುದು, ಸುಮ್ಮನೆ ಕೂರುವುದು. ಆದರೆ ಅವರ ಬೆನ್ನಿಗೆ ಸಂಸ್ಥೆಯ ಸಂಬಳದ ಕಾರ್ಯಕರ್ತರಿದ್ದರು. ಸ್ವಯಂಸೇವಕರ ಪೂರ್ವಾಪರ ಜಾಲಾಡುವುದು, ಯಾರಿಗೆ ಯಾರು ಹೊಂದುತ್ತಾರೆ ಎಂದು ನೋಡುವುದು, ನಿಯಮಿತವಾಗಿ ಫೋನ್ ಮಾಡಿ ವಿಚಾರಿಸುವುದು ಅವರ ಕೆಲಸ. ಇದೇ ಸಂಸ್ಥೆ ಶಾಲೆಯೊಳಗೇ ನಡೆಸುವ ಒಡನಾಟದ ಬಗೆಯನ್ನು 1,139 ಮಕ್ಕಳ ಮೇಲೆ ಪರೀಕ್ಷಿಸಿ 2007ರಲ್ಲಿ ವರದಿ ಬಂದಾಗ ಓದಿನಲ್ಲಿ ಒಂದಿಷ್ಟು ಸುಧಾರಣೆ ಕಂಡಿತು, ಮದ್ಯ ಮತ್ತು ಮಾದಕ ವಸ್ತುವಿನ ವಿಷಯದಲ್ಲಿ ಏನೂ ಕಾಣಲಿಲ್ಲ. ಶಾಲೆಯ ವೇಳೆಯಲ್ಲಿ, ಗಂಟೆ ಬಾರಿಸುವವರೆಗೆ ಎದುರು ಕುಳಿತು ಏಳುವ ಸಂಬಂಧ ಅಷ್ಟು ದೂರ ಹೋಗುವುದಿಲ್ಲ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ.

ಬೇರೆ ಬೇರೆ ಅಧ್ಯಯನಗಳನ್ನು ಒಟ್ಟಿಗೆ ತೂಗಿದವರ ಮಾತೂ ಇಷ್ಟೇ ಎಚ್ಚರಿಕೆಯದು. ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ 2011ರ ಪರಾಮರ್ಶೆಗೆ ಗುಣಮಟ್ಟದಲ್ಲಿ ಪಾಸಾದ ಪ್ರಯೋಗಗಳು ನಾಲ್ಕೇ ನಾಲ್ಕು, ಒಟ್ಟು 1,194 ಹದಿಹರೆಯದವರು, ಎಲ್ಲವೂ ಅಮೆರಿಕದವು. ಮದ್ಯ ಆರಂಭಿಸುವುದು ಕಡಿಮೆಯಾಯಿತು ಎಂದು ತೋರಿಸಿದ್ದು ಎರಡು, ಮಾದಕ ವಸ್ತು ಕಡಿಮೆಯಾಯಿತು ಎಂದು ತೋರಿಸಿದ್ದು ಒಂದು. 46 ಅಧ್ಯಯನಗಳನ್ನು ಸೇರಿಸಿ ನೋಡಿದ ಇನ್ನೊಂದು ಪರಾಮರ್ಶೆಯಲ್ಲಿ ಹೊಡೆದಾಟ ಮತ್ತು ಅಪರಾಧದ ಮೇಲಿನ ಪರಿಣಾಮಕ್ಕಿಂತ ಮಾದಕ ವಸ್ತುವಿನ ಮೇಲಿನ ಪರಿಣಾಮ ಇನ್ನೂ ಸಣ್ಣದಾಗಿತ್ತು.

ಈಗ ನಿಮ್ಮ ಶಿಬಿರದ ವಿಚಾರ. ಇದನ್ನು ಕೈಬಿಡಿ.

1939ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಜ್ ಮತ್ತು ಸೊಮರ್‌ವಿಲ್ ಎಂಬ ಅಕ್ಕಪಕ್ಕದ ಊರುಗಳಲ್ಲಿ ರಿಚರ್ಡ್ ಕ್ಯಾಬಟ್ ಎಂಬ ವೈದ್ಯರು ದೊಡ್ಡ ಪ್ರಯೋಗವೊಂದನ್ನು ಆರಂಭಿಸಿದರು. 506 ಹುಡುಗರನ್ನು ವಯಸ್ಸು, ಮನೆ, ಸ್ವಭಾವ ನೋಡಿ ಜೋಡಿ ಮಾಡಿ, ಜೋಡಿಯಲ್ಲಿ ಒಬ್ಬನಿಗೆ ಮಾತ್ರ ಒಬ್ಬ ಸಲಹೆಗಾರನನ್ನು ಗೊತ್ತುಮಾಡಿದರು. ಇವರು ಸಂಬಳದವರು, ಸ್ವಯಂಸೇವಕರಲ್ಲ. ತಿಂಗಳಿಗೆ ಎರಡು ಸಲ ಮನೆಗೆ ಬರುವುದು, ಪಾಠ ಹೇಳಿಕೊಡುವುದು, ವೈದ್ಯರ ಬಳಿ ಕರೆದೊಯ್ಯುವುದು, ಬೇಸಿಗೆ ಶಿಬಿರಕ್ಕೆ ಕಳುಹಿಸುವುದು. ಸರಾಸರಿ ಐದು ವರ್ಷ ನಡೆಯಿತು. ನಡುವೆ ಮಹಾಯುದ್ಧ ಬಂದು ಹಲವು ಸಲಹೆಗಾರರು ಸೈನ್ಯಕ್ಕೆ ಹೋದರು. ಸುಮಾರು ಮೂವತ್ತು ವರ್ಷಗಳ ನಂತರ ಜೋನ್ ಮೆಕಾರ್ಡ್ ಎಂಬ ಸಂಶೋಧಕಿ ಆ ಹುಡುಗರನ್ನು, ಅಷ್ಟರಲ್ಲಿ ನಡುವಯಸ್ಸಿನ ಗಂಡಸರಾಗಿದ್ದವರನ್ನು, ಹುಡುಕಿ ಪತ್ರ ಬರೆದರು, ನ್ಯಾಯಾಲಯದ ಮತ್ತು ಆಸ್ಪತ್ರೆಯ ದಾಖಲೆಗಳನ್ನು ತೆಗೆಸಿದರು. ಮೂವರಲ್ಲಿ ಇಬ್ಬರು 'ಅದರಿಂದ ನನಗೆ ಒಳ್ಳೆಯದಾಯಿತು' ಎಂದೇ ಉತ್ತರಿಸಿದ್ದರು. ದಾಖಲೆಗಳ ಕಥೆ ಬೇರೆಯೇ ಇತ್ತು. ನೆರವು ಪಡೆದವರಲ್ಲೇ ಕುಡಿತದ ಚಟದ ಲಕ್ಷಣ ಹೆಚ್ಚು, ತೀವ್ರ ಮನೋರೋಗ ಹೆಚ್ಚು, ಬೇಗ ಸತ್ತವರೂ ಹೆಚ್ಚು. 1978ರಲ್ಲಿ ಇದು ಪ್ರಕಟವಾದಾಗ ನಮ್ಮಂಥ ಕೆಲಸದವರಿಗೆ ಕಪಾಳಕ್ಕೆ ಬಾರಿಸಿದಂತಾಯಿತು.

ಹೀಗೇಕಾಯಿತು ಎಂಬುದಕ್ಕೆ ಮೆಕಾರ್ಡ್ ಮತ್ತು ಜೊತೆಗಾರರು 1999ರಲ್ಲಿ ಒಂದು ಸುಳಿವು ಕೊಟ್ಟರು. ಕೆಡುಕು ಎದ್ದು ಕಂಡದ್ದು ಬೇಸಿಗೆ ಶಿಬಿರಕ್ಕೆ ಒಂದಕ್ಕಿಂತ ಹೆಚ್ಚು ಸಲ ಹೋದ ಹುಡುಗರಲ್ಲಿ. ದಾರಿ ತಪ್ಪುತ್ತಿರುವ ಹುಡುಗರನ್ನು ಒಂದೆಡೆ ಗುಡ್ಡೆ ಹಾಕಿದರೆ ಅವರು ಪರಸ್ಪರ ಕಲಿಸುತ್ತಾರೆ, ಪುಂಡಾಟದ ಕಥೆಗೆ ನಗು ಸಿಗುತ್ತದೆ, ನಗು ಸಿಕ್ಕಿದ್ದು ಮತ್ತೆ ನಡೆಯುತ್ತದೆ. ನಶೆಗಾಗಿ ಪಂಕ್ಚರ್ ಸಲ್ಯೂಷನ್ ಮೂಸುವ ಹತ್ತು ಹುಡುಗರನ್ನು ತಿಂಗಳಿಗೊಮ್ಮೆ ಒಂದು ಕೋಣೆಯಲ್ಲಿ ಕೂರಿಸಿ ಊಟ ಹಾಕುತ್ತೀರಿ ಎಂದುಕೊಳ್ಳಿ. ಟ್ಯೂಬು ಎಲ್ಲಿ ಅಗ್ಗಕ್ಕೆ ಸಿಗುತ್ತದೆ ಎಂದು ಗೊತ್ತಿಲ್ಲದ ಹನ್ನೊಂದನೆಯವನು ಅಂದೇ ಕಲಿತು ಹೋಗುತ್ತಾನೆ. ಮುಖ್ಯೋಪಾಧ್ಯಾಯರು ಕೊಡುವ ಪಟ್ಟಿಯ ಮೇಲೂ ನನಗೆ ಇದೇ ತಕರಾರು. ಆ ಪಟ್ಟಿ ಒಂದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಬದಲಿಗೆ, ಎಂಟನೇ ತರಗತಿಗೆ ಹೊಸದಾಗಿ ಸೇರಿದವರಲ್ಲಿ ಮನೆಯ ಆಸರೆ ತೆಳುವಾಗಿರುವ ಮಕ್ಕಳು ಯಾರು ಎಂದು ಕೇಳಿ. ತಂದೆ ದುಡಿಯಲು ಬೇರೆ ರಾಜ್ಯಕ್ಕೆ ಹೋಗಿರಬಹುದು, ಅಜ್ಜಿಯ ಮನೆಯಲ್ಲಿ ಇರಬಹುದು, ಹಾಜರಿ ಇಳಿಯುತ್ತಿರಬಹುದು. ಪಟ್ಟಿಗೆ 'ಓದಿಗೆ ನೆರವು' ಎಂದು ಹೆಸರಿಟ್ಟರೂ ಸುಳ್ಳಾಗುವುದಿಲ್ಲ.

ಒಂದು ವರ್ಷದ ಮಾತಿಗೆ ಬರುತ್ತೇನೆ. 1995ರ ಅಧ್ಯಯನದ ಮಾಹಿತಿಯನ್ನೇ ಗ್ರಾಸ್‌ಮನ್ ಮತ್ತು ರೋಡ್ಸ್ ಎಂಬಿಬ್ಬರು 2002ರಲ್ಲಿ ಮತ್ತೆ ಜರಡಿ ಹಿಡಿದರು. ವರ್ಷ ದಾಟಿದ ಜೋಡಿಗಳಲ್ಲಿ ಲಾಭ ಹೆಚ್ಚು. ಮೂರು ತಿಂಗಳೊಳಗೆ ಮುರಿದ ಜೋಡಿಗಳ ಮಕ್ಕಳಿಗೆ ತಮ್ಮ ಬಗ್ಗೆ ಇದ್ದ ಗೌರವವೇ ಕುಸಿದಿತ್ತು. ಮೊದಲೇ ಒಬ್ಬ ದೊಡ್ಡವರು ಬಿಟ್ಟುಹೋಗಿರುವ ಮಗುವಿಗೆ ಇನ್ನೊಬ್ಬರು ಬಂದು ಬಿಟ್ಟುಹೋದರೆ 'ತಪ್ಪು ನನ್ನದೇ ಇರಬೇಕು' ಎನಿಸದೆ ಇನ್ನೇನು ಅನಿಸಬೇಕು? ಅದೇ ವಿಶ್ಲೇಷಣೆಯಲ್ಲಿ ನಿಮ್ಮ ತಂಡಕ್ಕೆ ಉಪಯೋಗವಾಗುವ ಇನ್ನೊಂದು ಸಂಗತಿ ಇದೆ: 26ರಿಂದ 30 ವರ್ಷದ ವಿವಾಹಿತ ಸ್ವಯಂಸೇವಕರ ಜೋಡಿಗಳು ಬೇಗ ಮುರಿಯುತ್ತಿದ್ದವು. ಹೊಸ ಸಂಸಾರ, ಎಳೆ ಮಗು, ಸಮಯ ಎಲ್ಲಿಂದ ಬರಬೇಕು? 1998ರವರಾದ ನೀವು ಆ ಗಂಡಾಂತರ ದಾಟಿದ್ದೀರಿ. ನಿಮ್ಮ ಗಂಡಾಂತರ ಬೇರೆ. 31 ಜನರಲ್ಲಿ ಎಷ್ಟು ಮಂದಿ ಈಗ ಬೆಂಗಳೂರಿನಲ್ಲೋ ಪುಣೆಯಲ್ಲೋ ಇದ್ದಾರೆ? ಹಬ್ಬಕ್ಕೆ ಊರಿಗೆ ಬಂದಾಗ ಭೇಟಿಯಾಗುತ್ತೇನೆ ಎನ್ನುವವರನ್ನು ಹಣಕಾಸಿಗೆ ಹಾಕಿ, ಹುಡುಗನ ಜೊತೆಗೆ ಹಾಕಬೇಡಿ.

ಇಲ್ಲಿ ನನ್ನದೇ ಒಂದು ಸೋಲನ್ನು ಹೇಳಬೇಕು. ಹಲವು ವರ್ಷಗಳ ಹಿಂದೆ ಒಂದು ಊರಿನಲ್ಲಿ ಇಪ್ಪತ್ತು ಜೋಡಿಗಳನ್ನು ಒಂದೇ ದಿನ, ವೇದಿಕೆ ಹಾಕಿ, ಹೂವು ಕೊಟ್ಟು ಆರಂಭಿಸಿದ್ದೆವು. ದೀಪಾವಳಿಯ ಹೊತ್ತಿಗೆ ಹನ್ನೊಂದು ಉಳಿದಿದ್ದವು. ಒಬ್ಬ ಹುಡುಗ ನಾಲ್ಕು ಭಾನುವಾರ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಬೆಳಗ್ಗೆ ಹತ್ತರಿಂದ ಮಧ್ಯಾಹ್ನದವರೆಗೆ ಕಾದಿದ್ದನಂತೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಐದನೆಯ ಭಾನುವಾರ ಅವನ ತಾಯಿ ನನಗೆ ಫೋನ್ ಮಾಡಿ, 'ಬರುವುದಿಲ್ಲ ಎಂದಾದರೂ ಹೇಳಿ ಸರ್, ಹುಡುಗ ಅಂಗಿ ಒಗೆಯಲು ಕೊಡುತ್ತಿಲ್ಲ' ಎಂದರು. ಆಮೇಲೆ ನಾನು ಆರು ಜೋಡಿಗಿಂತ ಹೆಚ್ಚು ಒಟ್ಟಿಗೆ ಆರಂಭಿಸಿದ್ದಿಲ್ಲ.

ಅದೇ ಗುಂಪಿನಲ್ಲಿ ಉಳಿದ ಒಂದು ಜೋಡಿಯನ್ನೂ ಹೇಳುತ್ತೇನೆ. ಸ್ವಯಂಸೇವಕರು ವಿದ್ಯುತ್ ಕಚೇರಿಯೊಂದರಲ್ಲಿ ಲೈನ್‌ಮನ್, ಮಾತು ಕಡಿಮೆ. ಹುಡುಗನಿಗೆ ಹದಿಮೂರು. ಮೊದಲ ತಿಂಗಳು ಅವರಿಬ್ಬರೂ ಮಾಡಿದ್ದು ಒಂದು ಹಳೆಯ ಸೈಕಲ್ಲನ್ನು ಬಿಚ್ಚಿದ್ದು. ಚೈನನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದೇ ಕೊಂಡಿ ಉಜ್ಜುತ್ತಾ ಕೂರುತ್ತಿದ್ದರು. ವರದಿ ಪುಸ್ತಕದಲ್ಲಿ ಲೈನ್‌ಮನ್ ಬರೆಯುತ್ತಿದ್ದದ್ದು 'ಚೈನ್ ತೊಳೆದೆವು' ಎಂದಷ್ಟೇ. ನನಗೆ ಸಿಟ್ಟು ಬರುತ್ತಿತ್ತು. ಐದನೆಯ ತಿಂಗಳು, ಟ್ಯೂಬಿಗೆ ತೇಪೆ ಹಾಕುವಾಗ ಹುಡುಗ ಸಲ್ಯೂಷನ್ನಿನ ಮುಚ್ಚಳ ತೆಗೆದು, ತಲೆ ಎತ್ತದೆ, 'ಇದನ್ನು ನಮ್ಮ ಕ್ಲಾಸಿನ ಇಬ್ಬರು ಕರ್ಚೀಫಿಗೆ ಹಾಕಿಕೊಂಡು ಮೂಸುತ್ತಾರೆ, ನನ್ನನ್ನೂ ಕರೆದರು' ಎಂದನಂತೆ. ಲೈನ್‌ಮನ್ ತೇಪೆ ಒತ್ತಿ ಹಿಡಿದುಕೊಂಡೇ, 'ನೀನು ಏನೆಂದೆ?' ಎಂದು ಕೇಳಿದರಂತೆ. ಅಷ್ಟೇ. ಎದುರುಬದುರು ಕುಳಿತು ಪ್ರಶ್ನೆ ಕೇಳಿದ್ದರೆ ಆ ಮಾತು ಹೊರಬರುತ್ತಿರಲಿಲ್ಲ. ಕೈಗೆ ಕೆಲಸವಿದ್ದು, ಕಣ್ಣು ಬೇರೆಡೆ ಇದ್ದಾಗ ಹುಡುಗರು ಮಾತಾಡುತ್ತಾರೆ.

ಇದು ನನ್ನೊಬ್ಬನ ಅನಿಸಿಕೆ ಅಲ್ಲ. ತೊಂಬತ್ತರ ದಶಕದಲ್ಲಿ ಅದೇ ಅಮೆರಿಕದ ಸಂಸ್ಥೆಯ 82 ಜೋಡಿಗಳನ್ನು ಹತ್ತಿರದಿಂದ ನೋಡಿದ ಅಧ್ಯಯನವೊಂದು, ಮೊದಲ ದಿನದಿಂದಲೇ ಹುಡುಗನನ್ನು 'ತಿದ್ದಲು' ಹೊರಟ ಸ್ವಯಂಸೇವಕರನ್ನೂ ಹುಡುಗನ ಇಷ್ಟಕ್ಕೆ ಕಿವಿಗೊಟ್ಟವರನ್ನೂ ಬೇರೆ ಮಾಡಿತು. ಒಂಬತ್ತು ತಿಂಗಳ ಬಳಿಕ ಮತ್ತೆ ವಿಚಾರಿಸಿದಾಗ ಎರಡನೆಯ ಬಗೆಯ ಜೋಡಿಗಳಲ್ಲಿ ಹೆಚ್ಚಿನವು ಮುಂದುವರಿದಿದ್ದವು, ತಿದ್ದಲು ಹೊರಟವುಗಳಲ್ಲಿ ಬಹುಪಾಲು ನಿಂತುಹೋಗಿದ್ದವು. ನೀವು ಬಳಸಿದ 'ಮಾರ್ಗದರ್ಶಕ' ಎಂಬ ಪದ ನನಗೆ ರುಚಿಸದಿರುವುದು ಇದೇ ಕಾರಣಕ್ಕೆ. ಆ ಪದದ ಬೆರಳು ಸದಾ ಮುಂದಕ್ಕೆ ಚಾಚಿಯೇ ಇರುತ್ತದೆ.

ಚಟ ಆಗಲೇ ಹತ್ತಿರುವ ಹುಡುಗ ಸಿಕ್ಕರೆ? ಒಡನಾಟ ಬಿಡಬೇಡಿ, ಆದರೆ ಚಿಕಿತ್ಸೆಯನ್ನು ಚಿಕಿತ್ಸೆ ಬಲ್ಲವರಿಗೆ ಬಿಡಿ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗ ಇದೆ, ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446 ಇದೆ, ಮನಸ್ಸಿನ ತೊಳಲಾಟಕ್ಕೆ ಟೆಲಿಮಾನಸ್ 14416 ಇದೆ. ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆಗೂಡಿ ನಡೆಸುತ್ತಿರುವ 'ಯುವ ಸ್ಪಂದನ' ಕಾರ್ಯಕ್ರಮದಲ್ಲಿ ತರಬೇತಿ ಪಡೆದ ಯುವ ಪರಿವರ್ತಕರು ಜಿಲ್ಲೆಗಳಲ್ಲಿದ್ದಾರೆ, ತಂಡದ ತರಬೇತಿಗೆ ಮೊದಲು ಅವರನ್ನು ಕಾಣಿ. ಮೂಸುವ ಚಟದ ಬಗ್ಗೆ ಎಲ್ಲರಿಗೂ ಹೇಳಲೇಬೇಕಾದ ಒಂದು ಮಾತು: ಆಗತಾನೇ ಮೂಸಿದ ಹುಡುಗನನ್ನು ಕಂಡರೆ ಬೆನ್ನಟ್ಟಬೇಡಿ, ಗದರಬೇಡಿ. ಆ ರಾಸಾಯನಿಕದ ಮೇಲೆ ಹಠಾತ್ ಗಾಬರಿಯೂ ಸೇರಿದರೆ ಹೃದಯದ ಬಡಿತ ಅಡ್ಡಾದಿಡ್ಡಿಯಾಗಿ ಸಾವೇ ಸಂಭವಿಸಬಹುದು, ಮೊದಲ ಸಲ ಮೂಸಿದವನಿಗೂ ಹಾಗಾಗಬಹುದು. ಗಾಳಿಯಾಡುವ ಕಡೆ ಕೂರಿಸಿ, ಶಾಂತವಾಗಿ ಮಾತಾಡಿಸಿ, ಪ್ರಜ್ಞೆ ಮಸುಕಾದರೆ 108ಕ್ಕೆ ಕರೆ ಮಾಡಿ. ನಮ್ಮ ದೇಶದ 2019ರ ಸಮೀಕ್ಷೆಯಲ್ಲಿ ದೊಡ್ಡವರಿಗಿಂತ ಮಕ್ಕಳಲ್ಲಿ ಬಳಕೆಯ ಪ್ರಮಾಣ ಹೆಚ್ಚಾಗಿ ಕಂಡ ಒಂದೇ ವಸ್ತು ಈ ಮೂಸುವ ದ್ರಾವಕಗಳು, ಮಕ್ಕಳಲ್ಲಿ ಶೇ. 1.17, ದೊಡ್ಡವರಲ್ಲಿ ಶೇ. 0.58. ಗಾಂಜಾದ ಸುದ್ದಿಯ ಗದ್ದಲದಲ್ಲಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ.

ಮಕ್ಕಳ ಸುರಕ್ಷತೆಯ ವಿಷಯದಲ್ಲಿ ಸಂಕೋಚ ಬೇಡ. ಹಳೆಯ ಗೆಳೆಯ ಎಂಬ ಕಾರಣಕ್ಕೆ ಯಾರನ್ನೂ ವಿಚಾರಿಸದೆ ಸೇರಿಸಿಕೊಳ್ಳಬೇಡಿ. ಪೊಲೀಸ್ ಪರಿಶೀಲನಾ ಪತ್ರ ಎಲ್ಲರಿಂದಲೂ ತರಿಸಿ, ನಿಮ್ಮದೂ ಸೇರಿ. ಪೋಷಕರ ಲಿಖಿತ ಒಪ್ಪಿಗೆ ಇರಲಿ. ಭೇಟಿ ನಾಲ್ಕು ಜನರ ಕಣ್ಣಿಗೆ ಬೀಳುವ ಜಾಗದಲ್ಲಿ, ಗ್ರಂಥಾಲಯದಲ್ಲೋ ಮೈದಾನದಲ್ಲೋ ಆಗಲಿ. ಹೆಣ್ಣುಮಕ್ಕಳಿಗೆ ನಿಮ್ಮ ಬ್ಯಾಚಿನ ಹೆಂಗಸರೇ ಜೊತೆಯಾಗಲಿ. ಮಕ್ಕಳಿಗೆ ಮಕ್ಕಳ ಸಹಾಯವಾಣಿ 1098 ಮೊದಲ ದಿನವೇ ಗೊತ್ತಿರಲಿ. ಎಲ್ಲ ಜೋಡಿಗಳಿಗೂ ತಿಂಗಳಿಗೊಮ್ಮೆ ಫೋನ್ ಮಾಡಿ ವಿಚಾರಿಸುವ ಒಬ್ಬರು ಬೇಕು. ಸಾಧ್ಯವಾದರೆ ಅವರಿಗೆ ಸಂಬಳ ಕೊಡಿ.

ಮೊದಲ ವರ್ಷ ಆರೇ ಜೋಡಿ ಎಂದುಕೊಂಡರೆ, ಉಳಿದ ಇಪ್ಪತ್ತೈದು ಜನರಿಗೂ ಕೆಲಸವಿದೆ. ಗುಟ್ಕಾ ನಮ್ಮ ರಾಜ್ಯದಲ್ಲಿ 2013ರಿಂದ ನಿಷೇಧವಾಗಿದೆ. ಆದ್ದರಿಂದ ಈಗ ಪಾನ್ ಮಸಾಲಾದ ಪೊಟ್ಟಣ ಒಂದು, ತಂಬಾಕಿನದು ಇನ್ನೊಂದು, ಬೆರೆಸಿಕೊಳ್ಳುವುದು ಗಿರಾಕಿಯ ಕೆಲಸ. ಶಾಲೆಯಿಂದ ನೂರು ಮೀಟರಿನೊಳಗೆ ತಂಬಾಕು ಮಾರುವುದು ಕಾನೂನುಬಾಹಿರ, ನಮ್ಮ ರಾಜ್ಯದಲ್ಲಿ ಇಪ್ಪತ್ತೊಂದು ತುಂಬದವರಿಗೆ ಎಲ್ಲಿ ಮಾರಿದರೂ ಅಪರಾಧ. ಮಗುವಿಗೆ ತಂಬಾಕು, ಮದ್ಯ, ಮಾದಕ ವಸ್ತು ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನಡಿ ಏಳು ವರ್ಷದವರೆಗೆ ಕಠಿಣ ಸಜೆ ಆಗಬಹುದು. ಗೋಡೆಯ ಬುಡದಲ್ಲಿ ನೀವು ಕಂಡ ಪೊಟ್ಟಣಗಳು ಯಾವ ಅಂಗಡಿಯವು ಎಂಬುದು ಊರಿನಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. ಅಂಗಡಿಯವರೂ ನಿಮ್ಮ ಸಹಪಾಠಿಯೋ ಸಹಪಾಠಿಯ ತಮ್ಮನೋ ಆಗಿರುವ ಸಾಧ್ಯತೆ ಇದೆ. ಮೊದಲು ಚಹಾ ಕುಡಿಯುತ್ತ ಹೇಳಿ ನೋಡಿ, ಆಮೇಲೆ ತಹಶೀಲ್ದಾರರಿಗೆ ಅರ್ಜಿ ಕೊಡಿ.

ನೀವು ಕೇಳದಿದ್ದರೂ ಪ್ರತಿ ತಂಡದಲ್ಲೂ ಏಳುವ ಪ್ರಶ್ನೆ ಒಂದಿದೆ: ನಾನೇ ಕುಡಿಯುತ್ತೇನೆ, ನಾನು ಸೇರಬಹುದೇ? ಹುಡುಗನಿಗೆ ಕಾಣುವಂತೆ ಕುಡಿಯುವವರೂ, ಎಲೆಅಡಿಕೆಗೆ ತಂಬಾಕು ಸೇರಿಸಿ ಜಗಿಯುತ್ತಲೇ ಭೇಟಿಗೆ ಬರುವವರೂ ಬೇಡ. ಬಿಟ್ಟವರು ಸೇರಬಹುದು, ಆದರೆ ಬಿಟ್ಟ ಕಥೆಯನ್ನು ಮೊದಲ ದಿನವೇ ಹೇಳುವ ಉತ್ಸಾಹ ಬೇಡ. ಹುಡುಗ ಕೇಳಿದಾಗ ಹೇಳಲಿ, ನಿಜ ಹೇಳಲಿ.

ಆರಂಭಕ್ಕೆ ಜೂನ್ ಒಳ್ಳೆಯದು. ಆರು ಜೋಡಿ, ಬರುವ ಮೇವರೆಗೆ. ಹತ್ತನೇ ತರಗತಿಯವರು ಬೇಡ, ಅವರು ವರ್ಷ ತುಂಬುವ ಮೊದಲೇ ಶಾಲೆ ಬಿಡುತ್ತಾರೆ. ಸ್ವಯಂಸೇವಕರಿಗೆ ವರ್ಗಾವಣೆಯೋ ಕಾಯಿಲೆಯೋ ಬಂದು ನಡುವೆ ನಿಲ್ಲಿಸಲೇಬೇಕಾದರೆ ಕೊನೆಯ ಭೇಟಿ ಎಂದು ಹೇಳಿಯೇ ಒಂದು ಭೇಟಿ ಆಗಲಿ.

ಇನ್ನು ಟೀ ಶರ್ಟು. ನಿಮ್ಮ ಪಕ್ಕದಲ್ಲಿ ನಡೆಯುವ ಹುಡುಗನನ್ನು ಊರಿನವರು ನೋಡುವುದು ನಿಮ್ಮ ಬೆನ್ನಿನ ಮೇಲಿನ ಅಕ್ಷರ ಓದಿಕೊಂಡೇ. ಮಾರನೆಯ ದಿನ ತರಗತಿಯಲ್ಲಿ ಅವನಿಗೆ ಅಡ್ಡಹೆಸರು ಬಿದ್ದಿರುತ್ತದೆ. ಆ ಹಣಕ್ಕೆ ಎರಡು ಕೇರಂ ಬೋರ್ಡು, ಒಂದು ಸ್ಪ್ಯಾನರ್ ಸೆಟ್ಟು, ಒಂದು ಸೈಕಲ್ ಪಂಪು ಬರುತ್ತವೆ. ತೇಪೆ ಹಾಕುವ ಸಲ್ಯೂಷನ್ನನ್ನು ಮಾತ್ರ ದೊಡ್ಡವರೇ ಜೇಬಿನಲ್ಲಿಟ್ಟುಕೊಂಡು ಬಂದು, ವಾಪಸ್ ಜೇಬಿನಲ್ಲೇ ತೆಗೆದುಕೊಂಡು ಹೋಗಿ.